ಸನ್ಯಾಸಿಯ ಗಂಟಿನಲ್ಲಿದ್ದದ್ದು

ಹಳೆಯ ತಾಳೆಗರಿಗಳ ಫೋಟೊ ತೆಗೆಯುವುದು ನನ್ನ ಕೆಲಸ. ಚಿತ್ತಾಪುರದ ಹತ್ತಿರದ ಒಂದು ಮನೆಯಲ್ಲಿ, ದೇವರ ಜಗಲಿಯ ಮೇಲೆ, ಮೂರು ನಾಲ್ಕು ಶತಮಾನದ ಹಿಂದಿನ ಪಂಡಿತನೊಬ್ಬನ ಬರಹಗಳು ಕೆಂಪು ಬಟ್ಟೆಯ ಗಂಟಿನಲ್ಲಿದ್ದವು. ಆತ ಆ ಮನೆತನದ ಹಿರಿಯ, ಕಡೆಗಾಲದಲ್ಲಿ ಸನ್ಯಾಸಿಯಾದವನು. ಗಂಟಿಗೆ ದಿನಾ ಪೂಜೆ ನಡೆಯುತ್ತಿತ್ತು, ಬಿಚ್ಚಿದವರು ಯಾರೂ ಇಲ್ಲ.

ಪರದೇಶದ ಗ್ರಂಥಾಲಯಗಳಲ್ಲಿ ಗರಿ ಮುಟ್ಟುವ ಮೊದಲು ನನಗೆ ಕೈಗವಸು ಕೊಡುತ್ತಾರೆ. ಇಲ್ಲಿ ಮನೆಯ ಅಜ್ಜಿ ನನಗೆ ತಲೆಸ್ನಾನ ಮಾಡಿಸಿಯೇ ಒಳಗೆ ಕರೆದಳು.

"ಬಿಚ್ರಿ ಅಕ್ಕೋರ, ಆದ್ರ ಏನದ ಅಂತ ಖರೇ ಹೇಳ್ರಿ. ದೇವರ ಮಾತ ಇಲ್ಲಂದ್ರ, ಮದುವಿಯಾಗಿ ಬಂದಾಗಿಂದ ನಾ ಯಾರಿಗಿ ಕೈ ಮುಗೀಲಿಕತ್ತೀನಿ?"

ಮೇಲಿನ ಗರಿಗಳು ವೇದಾಂತ. ಕೆಳಗಿನವು ಸಂಸ್ಕೃತದ ಪ್ರೇಮಕಾವ್ಯವೊಂದಕ್ಕೆ ವ್ಯಾಖ್ಯಾನ. ನಾಯಕಿಯ ಸೊಂಟದ ಬಗ್ಗೆಯೇ ಮೂರು ಗರಿ. ಸುಳ್ಳು ಹೇಳೋಣ ಅನಿಸಿತು, ಆದರೆ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿಬಿಟ್ಟೆ.

"ಸನ್ಯಾಸಿಗಿ ಇಷ್ಟೆಲ್ಲಾ ಹ್ಯಾಂಗ ಗೊತ್ತಿತ್ತವಾ?"

"ಸಂಸಾರದಾಗ ಇದ್ದಾಗ ಬರ್ದಿರಬೇಕ್ರಿ," ಅಂದೆ.

ಅಜ್ಜಿ ಒಮ್ಮೆ ಜಗಲಿಯ ಕಡೆ ನೋಡಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಭಾಳ ಸಿಟ್ಟಿನ ಅಜ್ಜ ಅಂತ ಇಷ್ಟ ದಿನ ಅಂಜ್ಕೋತ ಪೂಜಿ ಮಾಡ್ದೆ. ನಾಳಿಂದ ಪತ್ರಿ ಜೋಡಿ ಮಲ್ಲಿಗಿನೂ ಏರಸ್ತೀನಿ."

ಇಷ್ಟು ಬೇಗ ಮೆಚ್ಚಿದ ಓದುಗರು ಅಜ್ಜನಿಗೆ ಕಾಶಿಯ ಪಂಡಿತರಲ್ಲೂ ಸಿಕ್ಕಿರಲಿಕ್ಕಿಲ್ಲ.