ಕೊಳವೆಗೆ ಸಿಕ್ಕಿದ ಮುದ್ದೆ

ನನ್ನ ಅನ್ನನಾಳದ ತಳದಲ್ಲಿ ಗಡ್ಡೆಯೊಂದು ಬೆಳೆದು, ನೀರು ಇಳಿಯುವುದೂ ಕಷ್ಟವಾದಾಗ ಹಾಸನದ ಆಸ್ಪತ್ರೆಯಲ್ಲಿ ಸ್ಟೆಂಟ್ ಕೂರಿಸಿದರು. ತಂತಿಯ ಬಲೆಯಂತೆ ಹೆಣೆದು ಮೇಲೆ ಪೊರೆ ಹೊದಿಸಿದ ಕೊಳವೆ ಅದು. ಒಳಗೆ ಹೋದ ಮೇಲೆ ಅರಳಿ ಗಡ್ಡೆಯನ್ನು ಪಕ್ಕಕ್ಕೆ ಒತ್ತಿ ಹಿಡಿಯುತ್ತದೆ; ತಿಂದದ್ದು ನಡುವೆ ಇಳಿಯುತ್ತದೆ. ಡಾಕ್ಟರಮ್ಮ ಹೇಳಿದ ನಿಯಮಗಳು ಕೆಲವೇ: ಮೆತ್ತಗಿರುವುದನ್ನೇ ತಿನ್ನಬೇಕು, ಚೆನ್ನಾಗಿ ಅಗಿಯಬೇಕು, ನೆಟ್ಟಗೆ ಕೂರಬೇಕು, ನಡುನಡುವೆ ನೀರು ಕುಡಿಯಬೇಕು.

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ನಿಯಮ ಪಾಲಿಸುವುದು ನನಗೆ ಭಾರವಲ್ಲ. ಇಡ್ಲಿ, ಮೊಸರನ್ನ, ಬೇಳೆಕಟ್ಟಿನಲ್ಲಿ ಚಳಿಗಾಲ ಕಳೆದೆ. ತೂಕವೂ ಸ್ವಲ್ಪ ಏರಿತು.

ಆಮೇಲೆ ಒಂದು ಭಾನುವಾರ ದಂಡಿಗನಹಳ್ಳಿಯ ಅಕ್ಕನ ಮನೆಗೆ ಹೋದೆ. ಅಕ್ಕ ಬಸ್ಸಾರು ಮಾಡಿದ್ದಳು. ನನ್ನ ತಟ್ಟೆಗೂ ಮುದ್ದೆ ಬಂತು.

"ಇದು ಬ್ಯಾಡ ಕಣಕ್ಕ. ಮೆತ್ತಗಿರೋದ್ನೇ ತಿನ್ನು ಅಂದವ್ರೆ."

"ಮುದ್ದೆಗಿಂತ ಮೆತ್ತಗಿರದು ಇನ್ನೇನೈತ್ಲಾ? ನಿಂಗೆ ಅಂತ್ಲೇ ನೀರು ಜಾಸ್ತಿ ಇಟ್ಟು ತಿರುವಿವ್ನಿ, ಮುಟ್ ನೋಡು."

ಮುಟ್ಟಿದೆ. ಬೆಣ್ಣೆಯಂತಿತ್ತು. ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನೆಟ್ಟಗೆ ಕೂತೆ, ಪಕ್ಕದಲ್ಲಿ ನೀರು ಇಟ್ಟುಕೊಂಡೆ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಮೊದಲನೆಯದು ಇಳಿಯಿತು. ಮುಂದಿನದು ಎದೆಯ ನಡುವೆ ನಿಂತಿತು. ನೀರು ಕುಡಿದರೆ ನೀರು ವಾಪಸ್ ಬಂತು. ಸ್ವಲ್ಪ ಹೊತ್ತಿಗೆ ಉಗುಳೂ ಇಳಿಯದಾಯಿತು.

ಅಕ್ಕ ಬೆನ್ನು ಗುದ್ದಿದಳು. ಬಾಳೆಹಣ್ಣು ತರಲು ಎದ್ದವಳನ್ನು ಅವಳ ಮಗ ತಡೆದ. "ಅದ್ನೂ ಒಳಕ್ಕೆ ತುರುಕ್ಬ್ಯಾಡ ಕಣವ್ವ. ನಡಿ ಮಾವ, ಆಸನದ ಆಸ್ಪತ್ರೆಗೆ ಓಗನ" ಎಂದು ಕಾರು ತೆಗೆದ. ನಾನು ದಾರಿಯುದ್ದಕ್ಕೂ ಚೊಂಬಿಗೆ ಉಗುಳುತ್ತ ಕೂತೆ. ಅಕ್ಕ ಚೊಂಬು ಹಿಡಿದುಕೊಂಡಿದ್ದಳು.

ಡಾಕ್ಟರಮ್ಮ ಕರಾವಳಿ ಕಡೆಯವರು, ಮುದ್ದೆ ಉಂಡು ರೂಢಿಯಿಲ್ಲದವರು. "ಏನು ತಿಂದ್ರಿ?" ಎಂದರು. ಅಕ್ಕ ಹೇಳಿದಳು.

"ಚೆನ್ನಾಗಿ ಅಗಿದು ತಿಂದ್ರಾ?"

"ಮುದ್ದೆನ ಯಾರಾದ್ರೂ ಅಗೀತಾರಾ ಡಾಕ್ಟ್ರಮ್ಮ? ಅಗಿದ್ರೆ ಹಲ್ಲಿಗೆ ಅಂಟ್ಕತದೆ. ನುಂಗ್ಬೇಕು."

"ಇಡೀ ತುತ್ತು?"

"ಇನ್ನೇನು ಅರ್ಧ ನುಂಗಕಾಯ್ತದಾ?"

ಅವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅಗಿಯಬೇಕೆಂಬ ನಿಯಮ ನನಗೆ ನೆನಪಿರಲಿಲ್ಲವೆಂದಲ್ಲ. ಅದು ಮುದ್ದೆಗೂ ಅನ್ವಯಿಸುತ್ತದೆಂದು ಹೊಳೆದೇ ಇರಲಿಲ್ಲ.

ಗಂಟಲಿನಿಂದ ದುರ್ಬೀನು ಇಳಿಸಿ ನೋಡಿದರು. ತುತ್ತು ಕೊಳವೆಯ ಬಾಯಿಗೆ ಬಿರಡೆಯಂತೆ ಕೂತಿತ್ತು. ಅದರ ಒತ್ತಡಕ್ಕೆ ಕೊಳವೆಯೇ ಹೊಟ್ಟೆಯ ಕಡೆಗೆ ಜಾರಿತ್ತು. ತುತ್ತನ್ನು ಒಡೆದು ಚೂರುಚೂರಾಗಿ ಕೆಳಕ್ಕೆ ತಳ್ಳಿ, ಕೊಳವೆಯ ಅಂಚಿನಲ್ಲಿದ್ದ ದಾರ ಹಿಡಿದು ಮೇಲಕ್ಕೆಳೆದು, ಕ್ಲಿಪ್ ಹಾಕಿ ನಿಲ್ಲಿಸಿದರು.

"ಈ ಸಲ ನಿಂತಿದೆ. ಇನ್ನೊಮ್ಮೆ ಜಾರಿದರೆ ತೆಗೀಲೇಬೇಕು. ಬೇರೆ ಹಾಕಿದರೆ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಆಮೇಲೆ ಹೊಟ್ಟೆಗೆ ತೂತು ಮಾಡಿ ಟ್ಯೂಬಿನಲ್ಲೇ ಊಟ" ಎಂದರು.

ಅಕ್ಕ ಕೇಳಿದಳು: "ಅಂಗಾರೆ ರಾಗಿನೇ ಬುಡ್ಬೇಕಾ?"

"ರಾಗಿ ಬಿಡೋದು ಬೇಡ, ಮುದ್ದೆ ಬಿಡಲಿ. ಗಂಜಿ ಮಾಡಿ, ಗಂಟಿಲ್ಲದ ಹಾಗೆ."

ಮುಂದಿನ ತಿಂಗಳು ಮತ್ತೆ ಆ ಮನೆಗೆ ಹೋದಾಗ, ಎಲ್ಲರಿಗೂ ಮುದ್ದೆ ಬಡಿಸಿ, ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿಯ ಲೋಟವನ್ನು ಅಕ್ಕ ನನ್ನ ಮುಂದಿಟ್ಟಳು. ಗುಟುಕು ಬಾಯಿಗೆ ತೆಗೆದುಕೊಂಡಾಗ ಯಾರೂ ಊಟಕ್ಕೆ ಕೈ ಹಾಕಿರಲಿಲ್ಲ. ನನ್ನ ಗಂಟಲನ್ನೇ ನೋಡುತ್ತಿದ್ದರು.

"ಓಯ್ತಾ?" ಎಂದಳು ಅಕ್ಕ.

"ಓಯ್ತು."

"ಸುಳ್ಳೇಳ್ಬ್ಯಾಡ. ಇನ್ನೊಂದ್ ಗುಟುಕು ಕುಡಿ."

ಕುಡಿದೆ. ಅದೂ ಇಳಿಯಿತು. ಆಮೇಲೆ ಅವರೆಲ್ಲ ತುತ್ತು ಮುರಿದರು.