ಸಾವ್ಕಾರ ಬೊಗಳಿದರೆ ಅಮ್ಮ ಬರುತ್ತಿದ್ದಳು

ಯಲಹಂಕದ ದಾರಿಯುದ್ದಕ್ಕೂ ಫ್ಲೈಓವರ್‌ನ ಕಂಬಗಳಷ್ಟೇ ಎದ್ದು ನಿಂತಿದ್ದ, ಅವುಗಳ ಮೇಲೆ ರಸ್ತೆ ಇನ್ನೂ ಬಂದಿರದ ಕಾಲ ಅದು. ಅಲ್ಲೇ ಹತ್ತಿರದ ಕೋಗಿಲು ಊರಿನ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟಿದ್ದರೂ ಅವುಗಳ ನಡುವೆ ರಾಗಿ ಬೆಳೆಯುತ್ತಿತ್ತು. ನನಗಾಗ ಒಂಬತ್ತು ವರ್ಷ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಆ ಊರಿನಲ್ಲಿದ್ದ ತನ್ನ ಅಣ್ಣನ ಮನೆಯಲ್ಲಿ ಬಿಟ್ಟು, ಊರ ಕೆರೆಯ ಆಚೆ ದಡದ ಅಪಾರ್ಟ್‌ಮೆಂಟೊಂದರಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಊಟ, ನಿದ್ದೆ ಎಲ್ಲ ಅಲ್ಲೇ. ತಿಂಗಳಿಗೆ ಒಂದು ಭಾನುವಾರ ಮಾತ್ರ ರಜೆ.

ಆ ಬೇಸಿಗೆ ರಜೆ ಮುಗಿಯುವುದೇ ಇಲ್ಲವೇನೋ ಅನ್ನಿಸಿತ್ತು. ಅತ್ತೆ ಬೆಳಗ್ಗೆಯೇ ಗಾರ್ಮೆಂಟ್ಸ್‌ಗೆ ಹೊರಟುಬಿಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಬೀದಿಯ ಹುಡುಗಿಯರು ನನ್ನನ್ನು ಕುಂಟೆಬಿಲ್ಲೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ನಾನು ಜಗಲಿಯ ಮೇಲೆ ಕೂತು ಮಾವನ ನಾಯಿಯ ಜೊತೆ ಕಲ್ಲಾಟ ಆಡುತ್ತಿದ್ದೆ. ನನ್ನ ಸರದಿಯನ್ನೂ ನಾನೇ ಆಡಬೇಕು, ಅದರ ಸರದಿಯನ್ನೂ ನಾನೇ ಆಡಬೇಕು. ಎಷ್ಟೋ ಸಲ ಅದೇ ಗೆಲ್ಲುತ್ತಿತ್ತು.

ನಾಯಿಯ ಹೆಸರು ಸಾವ್ಕಾರ. ಮಾವ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ಬಿದಿರಿನ ತೆಪ್ಪಕ್ಕೆ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿದಿದ್ದ. ಬಿಸಿಲೇರಿದರೆ ಡಾಂಬರು, ಮೀನು, ಕೊಳೆತ ಜೊಂಡು ಎಲ್ಲ ಸೇರಿ ಒಂದೇ ವಾಸನೆ. ದುಂಡನೆಯ ತೆಪ್ಪದಲ್ಲಿ ಒಬ್ಬರೇ ಕೂತರೆ ಅದು ಒಂದು ಕಡೆಗೆ ವಾಲುತ್ತದೆ. ಎದುರಿಗೆ ಭಾರ ಬೇಕು. ಮೊದಲು ಮಾವ ಗುಂಡುಕಲ್ಲು ಇಡುತ್ತಿದ್ದನಂತೆ, ಆಮೇಲೆ ಆ ಜಾಗಕ್ಕೆ ನಾಯಿ ಬಂತು. "ಉಟ್ಟು ಆಕೋನು ನಾನು, ಸವಾರಿ ಇವನ್ದು. ಸಾವ್ಕಾರ ಅನ್ದೆ ಇನ್ನೇನನ್ಲಿ?" ಎಂದು ಹುಟ್ಟು ಎತ್ತಿ ತೋರಿಸಿ ನಗುತ್ತಿದ್ದ.

ನಾನು ಊಟ ಬಿಟ್ಟು ಮಂಕಾಗಿ ಕೂತ ಒಂದು ದಿನ ಮಾವ, "ಬಾ ಮಗಾ, ನಿಮ್ಮವ್ವನ್ನ ತೋರಿಸ್ತೀನಿ" ಎಂದು ನನ್ನನ್ನೂ ತೆಪ್ಪ ಹತ್ತಿಸಿದ. ಸಾವ್ಕಾರನ ಪಕ್ಕದಲ್ಲಿ ಕೂತೆ. ಜೊಂಡು ಸೀಳಿಕೊಂಡು, ನೀರುಕೋಳಿಗಳನ್ನು ಚದುರಿಸಿಕೊಂಡು ಆಚೆ ದಡದ ಹತ್ತಿರ ಹೋದೆವು. ಅಪಾರ್ಟ್‌ಮೆಂಟಿನ ಬೆನ್ನು ಕೆರೆಯ ಕಡೆಗಿತ್ತು.

"ಅಮ್ಮಾ ಅಂತ ಕೂಗ್ಲಾ?"

"ಬ್ಯಾಡ ಕಣವ್ವ. ಆ ಮನೆಯೋರ್ಗೆ ಇಡ್ಸಲ್ಲ. ತಡಿ."

ಮೀನನ್ನು ಬಲೆಯ ಕಡೆಗೆ ಓಡಿಸಲು ಮಾವ ಹುಟ್ಟನ್ನು ಅಡ್ಡ ಹಿಡಿದು ನೀರಿಗೆ ಬಡಿಯುತ್ತಿದ್ದ. ಆ ಸದ್ದು ಕೇಳಿದರೆ ಸಾವ್ಕಾರ ಬೊಗಳದೆ ಇರುತ್ತಿರಲಿಲ್ಲ. ಈಗ ಎರಡು ಸಲ ಬಡಿದ. ಸಾವ್ಕಾರ ಕೆರೆಯೆಲ್ಲ ಕೇಳುವಂತೆ ಬೊಗಳಿದ. ಆ ದನಿಯ ಗುರುತು ಹಿಡಿದು ಮೂರನೇ ಮಹಡಿಯ ಬಾಲ್ಕನಿಗೆ ಅಮ್ಮ ಬಂದಳು. ಕೈಯಲ್ಲಿ ಮಗುವಿನ ಒದ್ದೆ ಬಟ್ಟೆ. ಅದನ್ನು ಎರಡು ಸಲ ಫಟಫಟನೆ ಒದರಿ ಹರವಿದಳು. ಒದರುವಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು.

ಮುಂದಿನ ರಜೆಯ ಭಾನುವಾರ ಮನೆಗೆ ಬಂದಾಗ ಅಮ್ಮ, "ನಿಂಗೋಸ್ಕರಾನೇ ಎರಡು ಸಲ ಒದರ್ತೀನಿ ಕಣೇ, ಎಣಿಸ್ಕೋ" ಅಂದಳು. ಅಂದಿನಿಂದ ದಿನವೂ ಬೆಳಗ್ಗೆ ಒಂಬತ್ತು ಗಂಟೆಗೆ ಹೋಗುತ್ತಿದ್ದೆವು. ಅಮ್ಮ ಒಳಗೆ ಹೋದ ಮೇಲೆ ಅತ್ತೆ ಕಟ್ಟಿಕೊಟ್ಟ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚುತ್ತಿದ್ದೆ. ಅರ್ಧ ನನಗೆ, ಅರ್ಧ ಸಾವ್ಕಾರನಿಗೆ. ದಿನದಲ್ಲಿ ನಾನು ಹೊಟ್ಟೆ ತುಂಬ ತಿನ್ನುತ್ತಿದ್ದುದು ಅದೊಂದೇ ಸಲ.

ಆಮೇಲೆ ಮಾವನಿಗೆ ಜ್ವರ ಬಂತು. ಮೂರು ದಿನ ತೆಪ್ಪ ದಡದ ಮೇಲೆ ಬೋರಲು ಬಿದ್ದಿತ್ತು. ನಾವು ಬರದಿದ್ದರೆ ಅಮ್ಮ ಬಟ್ಟೆ ಒದರುವುದನ್ನೇ ಮರೆತಾಳು ಎಂಬ ಭಯ ನನಗೆ. ಈಗ ಹೇಳಿದರೆ ನಗು ಬರುತ್ತದೆ, ಆಗ ಅಳು ಬರುತ್ತಿತ್ತು. ನಾಲ್ಕನೇ ಬೆಳಗ್ಗೆ ಮಾವ ಕಂಬಳಿ ಹೊದ್ದು ಮಲಗಿದ್ದಾಗ ಹುಟ್ಟು ಎತ್ತಿಕೊಂಡು ಹೊರಟೆ. ತೆಪ್ಪ ಮಗುಚಿ ನೀರಿಗೆ ನೂಕಿದೆ. ಸಾವ್ಕಾರ ತಾನಾಗಿಯೇ ಹಾರಿ ತನ್ನ ಜಾಗದಲ್ಲಿ ಕೂತ.

ಮೊದಲು ತೆಪ್ಪ ನಿಂತಲ್ಲೇ ಗರಗರ ತಿರುಗಿತು. ಪಕ್ಕಕ್ಕೆ ಹುಟ್ಟು ಹಾಕಬಾರದು, ಎದುರಿಗೆ ಹಾಕಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು ಎಂಬುದು ಮಾವನನ್ನು ನೋಡಿ ಗೊತ್ತಿತ್ತು. ಕೈಯಲ್ಲಿ ಬೊಬ್ಬೆ ಎದ್ದರೂ ಬಿಡದೆ ಎಳೆದೆ, ಆಚೆ ದಡದ ಹತ್ತಿರ ತಲುಪಿಯೇಬಿಟ್ಟೆ. ನೀರಿಗೆ ಎರಡು ಸಲ ಬಡಿದೆ. ಸಾವ್ಕಾರ ಬೊಗಳಿದ.

ಅಮ್ಮ ಬಂದಳು. ತೆಪ್ಪದಲ್ಲಿ ನಾನು ಮತ್ತು ನಾಯಿ ಇಬ್ಬರೇ. ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಬಾಲ್ಕನಿ ಖಾಲಿಯಾಯಿತು. ಸ್ವಲ್ಪ ಹೊತ್ತಿಗೆ ಬರಿಗಾಲಲ್ಲಿ ದಡಕ್ಕೆ ಓಡಿಬಂದು ಮೊಣಕಾಲುದ್ದದ ಕೆಸರಿಗೆ ಇಳಿದಳು.

"ಅಲ್ಲೇ ಕೂತ್ಕೋ! ಎದ್ದೇಳ್ಬೇಡ ಕಣೇ!"

ತೆಪ್ಪದ ಅಂಚು ಕೈಗೆ ಸಿಕ್ಕಿದ ಕೂಡಲೇ ನನಗೊಂದು ಏಟು ಕೊಟ್ಟಳು, ಆಮೇಲೆ ತಬ್ಬಿಕೊಂಡಳು. ಅವಳ ಸೀರೆಯಿಂದ ಬೇರೆ ಮಗುವಿನ ಪೌಡರ್ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ಮೇಲೆ, ಬಾಗಿಲು ತೆರೆದ ಮನೆಯಲ್ಲಿ, ಆ ಮಗು ತಾನೊಂದೇ ಅಳುತ್ತಿತ್ತು.

ನನ್ನನ್ನು ದಡದ ದಾರಿಯಲ್ಲಿ ಕಳಿಸಿದ್ದ ಅಮ್ಮ ಸಂಜೆ ಬ್ಯಾಗ್ ಹಿಡಿದು ತಾನೂ ಮನೆಗೇ ಬಂದಳು. ಕೂಸನ್ನು ಒಂಟಿಯಾಗಿ ಬಿಟ್ಟು ಹೋದವಳು ಬೇಡ ಎಂದು ಆ ಮನೆಯವರು ಹೇಳಿದ್ದರಂತೆ. ನನಗೆ ಹಬ್ಬ! ಕುಣಿದೆ. ಅಮ್ಮ ಮಾತ್ರ ನಗಲಿಲ್ಲ. ಹನ್ನೆರಡು ದಿನವಾದ ಮೇಲೆ ಅವಳಿಗೆ ಬೇರೆ ಕೆಲಸ ಸಿಕ್ಕಿತು, ಎಲೆಕ್ಟ್ರಾನಿಕ್ ಸಿಟಿಯ ಆಚೆ. ಅಲ್ಲಿಗೆ ಯಾವ ಕೆರೆಯಿಂದಲೂ ದಾರಿಯಿರಲಿಲ್ಲ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದಳು. ಹಾಗೆ ಆರು ವರ್ಷ ಕಳೆಯಿತು.

ಈಗ ಕೆರೆಯ ಸುತ್ತ ಬೇಲಿ, ನಡೆಯುವವರಿಗೆ ದಾರಿ, ಗೇಟಿನಲ್ಲಿ 'ನಾಯಿಗಳಿಗೆ ಪ್ರವೇಶವಿಲ್ಲ' ಎಂಬ ಬೋರ್ಡು. ಸಾವ್ಕಾರ ಇಲ್ಲ, ತೆಪ್ಪವೂ ಇಲ್ಲ. ಅಮ್ಮ ನನ್ನ ಜೊತೆ ಮತ್ತಿಕೆರೆಯಲ್ಲಿದ್ದಾಳೆ. ಒಂದೇ ಮನೆಯಲ್ಲಿದ್ದರೂ ಇಬ್ಬರಿಗೂ ಮಾತು ಬೇಗ ಮುಗಿದುಹೋಗುತ್ತದೆ. ಟೆರೇಸಿನಲ್ಲಿ ಬಟ್ಟೆ ಹರವುವಾಗ ಅವಳು ಈಗಲೂ ಎರಡು ಸಲ ಒದರುತ್ತಾಳೆ. ನಾನು ಕೆಳಗೆ ನಿಂತು ಎಣಿಸುತ್ತೇನೆ.

ನಾನು ತೆಪ್ಪ ನೂಕಿಕೊಂಡು ಹೋದ ಮಾರನೆಯ ದಿನವೇ ಮಾವನ ಜ್ವರ ಬಿಟ್ಟಿತ್ತು. ನಾನು ಇನ್ನೊಂದೇ ಒಂದು ದಿನ ಕಾದಿದ್ದರೆ ಸಾಕಿತ್ತು.