ಶೆಟ್ಟಿಹಳ್ಳಿಗೆ ಬಂದ ಕಲ್ಲು

ಭೂವಿಜ್ಞಾನದ ಮೇಷ್ಟರುಗಳು ತಲೆ ತಗ್ಗಿಸಿ ನಡೆಯುವುದು ವಿನಯದಿಂದಲ್ಲ, ಕಲ್ಲಿನ ಆಸೆಯಿಂದ. ಗಂಗಾನಗರದ ಬೀದಿಗಳಲ್ಲಿ ನನ್ನ ಈ ನಡಿಗೆಯನ್ನು ಕಂಡು, ಸಂಭಾವಿತನೆಂದು ಬಗೆದು ಕೈಮುಗಿಯುತ್ತಿದ್ದವರನ್ನು ನಾನು ತಿದ್ದಲು ಹೋಗಲಿಲ್ಲ. ಹೀಗೆ ನೆಲ ನೋಡುತ್ತಲೇ ಅರ್ಧ ಆಯುಷ್ಯ ಸವೆಸಿದವನಿಗೆ, ಎಪ್ಪತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ, ಕಲ್ಲು ಆಕಾಶದಿಂದ ಬಂದದ್ದು ವಿಧಿಯ ವಿನೋದವೇ ಇರಬೇಕು.

ಮೋಡವಿಲ್ಲದ ಬಾನಿನಲ್ಲಿ ಗುಡುಗು. ಹೆಬ್ಬಾಳದ ಕೆರೆಯ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು, ಕೂಗದೆ ಸುತ್ತಿದವು. ಶೆಟ್ಟಿಹಳ್ಳಿಯಲ್ಲಿ ಕಲ್ಲು ಬಿದ್ದಿದೆಯೆಂಬ ಸುದ್ದಿ ಮರುದಿನ ಬಂತು. ನಾನೂ ಪ್ರಯೋಗಾಲಯದ ಸಹೋದ್ಯೋಗಿ ಖಲೀಲರೂ ಬಸ್ಸು ಹಿಡಿದೆವು.

ಬಿದ್ದದ್ದು ಪುಟ್ಟಮ್ಮ ಎಂಬ ರೈತ ಹೆಂಗಸಿನ ಹಿತ್ತಿಲಲ್ಲಿ. ಅವರು ರಾಗಿ ಕೇರುತ್ತಿದ್ದ ಮೊರ ತೂತಾಗಿ, ಅದರಡಿ ಗೇಣು ಆಳದ ಗುಂಡಿ. ಕಲ್ಲು ತೆಂಗಿನಕಾಯಿಯಷ್ಟು, ಮೈಯೆಲ್ಲ ಸೀದ ಕಪ್ಪು.

"ಇಲ್ಲೇ ಕುಂತಿದ್ದೆ ಮೇಷ್ಟ್ರೇ," ಎಂದರು ಪುಟ್ಟಮ್ಮ. "ಒಳಗಿಂದ ನಮ್ಮ ಲಕ್ಷ್ಮಿ 'ಅವ್ವಾ, ಬಾ' ಅಂತ ಕರುದ್ಲು. ಎದ್ದು ಒಳಕ್ಕೋದೆ. ಆಮ್ಯಾಕೆ ದಡಾರ್ ಅಂತು."

"ನಿಮ್ಮ ಮಗಳಾ? ಅವರನ್ನೂ ಒಂದ್ ಮಾತು ಕೇಳ್ಬೋದಾ?" ಎಂದರು ಖಲೀಲ್.

"ಓದ್ ವರ್ಷ ಜರ ಬಂದು ತೀರ್ಕಂಡ್ಲು ಸಾಮಿ."

ಖಲೀಲ್ ಟಿಪ್ಪಣಿ ಪುಸ್ತಕ ಮುಚ್ಚಿದರು. ನಾನು ಸುಮ್ಮನಿರಬೇಕಲ್ಲ! ಇಂಥ ಕಲ್ಲು ಮೊದಲು ಗುಡುಗಿ, ಆಮೇಲೆ ನೆಲ ಮುಟ್ಟುತ್ತದೆ, ಆ ಗುಡುಗೇ ನಿಮಗೆ ಕೂಗಿನಂತೆ ಕೇಳಿಸಿರಬೇಕು ಎಂದು ಸವಿಸ್ತಾರವಾಗಿ ಬೋಧಿಸಿದೆ. ಪುಟ್ಟಮ್ಮ ತಾಳ್ಮೆಯಿಂದ ಕೇಳಿಸಿಕೊಂಡರು.

"ಗುಡುಗು ಕೇಳ್ದಾಗ ನಾನಾಗ್ಲೇ ಒಳಗಿದ್ದೆ. ಕ್ವಾಣೆ ಕ್ವಾಣೆ ಅವಳನ್ನ ಉಡುಕ್ತಿದ್ದೆ."

ಇದೇನೆಂದು ನೋಡಿ ತಮಗೆ ಹೇಳಬೇಕೆಂಬ ಮಾತಿನ ಮೇಲೆ ಕಲ್ಲನ್ನು ಕೊಟ್ಟರು.

ಖಲೀಲರು ಅದನ್ನು ಗರಗಸಕ್ಕೆ ಕೊಟ್ಟ ದಿನ ಕೋಣೆಯಲ್ಲೆಲ್ಲ ಗಂಧಕದ ತೆಳುವಾದ ವಾಸನೆ. ಒಳಗೆ ಬೂದುಬಣ್ಣ, ಮಿನುಗುವ ಲೋಹದ ಚೂರುಗಳು, ರಾಗಿಕಾಳಿನಂಥ ದುಂಡು ಕಣಗಳು. ಕೊಯ್ಯುತ್ತಿದ್ದವರು ತಟ್ಟನೆ ಯಂತ್ರ ನಿಲ್ಲಿಸಿ ತಿರುಗಿದರು.

"ಕರೆದ್ರಾ ಸಾರ್?"

"ಇಲ್ವಲ್ಲ."

ಉಳಿದ ಕೆಲಸವನ್ನು ಇಬ್ಬರೂ ಬಾಗಿಲು ತೆರೆದಿಟ್ಟುಕೊಂಡೇ ಮುಗಿಸಿದೆವು. ಸೆಖೆಯೆಂದು ಪರಸ್ಪರ ಹೇಳಿಕೊಂಡೆವು.

ಕೆಲವು ದಿನಗಳ ಮೇಲೆ ಪುಟ್ಟಮ್ಮ ತಾವೇ ಪ್ರಯೋಗಾಲಯಕ್ಕೆ ಬಂದರು. ಕೊಯ್ದ ಮುಖವನ್ನು ದೂರದಿಂದಲೇ ನೋಡಿ, "ಇದುಕ್ಕೆಷ್ಟು ವಯಸ್ಸು?" ಎಂದರು.

"ಭೂಮಿ ಹುಟ್ಟೋಕೆ ಮುಂಚಿಂದ ಆಕಾಶದಲ್ಲಿ ತಿರುಗ್ತಿತ್ತು ತಾಯಿ."

ಅವರು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. "ಅಷ್ಟ್ ಕಾಲದಿಂದ ನನ್ನೇ ಉಡಿಕ್ಕಂಡು ಬತ್ತಿತ್ತಾ?"

ನಗಲು ಹೋದೆ, ನಗು ಬರಲಿಲ್ಲ. ಎರಡು ಹೋಳಾಗಿದ್ದ ಕಲ್ಲಿನಲ್ಲಿ ಅವರಿಗೆಂದು ತೆಗೆದಿಟ್ಟಿದ್ದ ಅರ್ಧವನ್ನು ಮುಂದೆ ಚಾಚಿದೆ. ಪುಟ್ಟಮ್ಮ ಹಿಂದೆ ಸರಿದು, ಮಲಗಿದ ಕೂಸಿನೆದುರು ಮಾತಾಡುವಂತೆ ದನಿ ತಗ್ಗಿಸಿದರು.

"ಇಲ್ಲೇ ಮಡಿಕ್ಕಳಿ. ನಾನೆಲ್ಲಿವ್ನಿ ಅಂತ ಮಾತ್ರ ಅದ್ರ ಮುಂದೆ ಯೋಳ್ಬ್ಯಾಡಿ."

ಎರಡೂ ತುಂಡುಗಳು ಗಾಜಿನ ಕಪಾಟಿನಲ್ಲಿ ಉಳಿದವು. ನಿವೃತ್ತನಾಗುವವರೆಗೂ ಅವುಗಳ ಪಕ್ಕ ನಿಂತು ಪಾಠ ಹೇಳಿದೆ. ಮೂಢನಂಬಿಕೆಯನ್ನೂ ಸಾಕಷ್ಟು ಖಂಡಿಸಿದೆ. ಆದರೆ ಕಲ್ಲು ಬಿದ್ದದ್ದು ಯಾರ ಹಿತ್ತಿಲಲ್ಲಿ ಎಂದು ವಿದ್ಯಾರ್ಥಿಗಳು ಕೇಳಿದರೆ ಮಾತ್ರ, ಅವರನ್ನು ವರಾಂಡಕ್ಕೆ ಕರೆದೊಯ್ದು, ಬಾಗಿಲೆಳೆದುಕೊಂಡು ಹೇಳುತ್ತಿದ್ದೆ.